ಶುಜೆನ್‌ಜಿಯ ಬಿಸಿನೀರು

ಜಪಾನ್ ದೇಶದಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ಕೊರತೆಯಿಲ್ಲ. ಅಗ್ನಿಪರ್ವತಗಳ ಸಾಲಿನ ಮೇಲೆ ನೆಲೆಸಿರುವ ಆ ದ್ವೀಪಗಳಲ್ಲಿ ಭೂಗರ್ಭದ ಕಾವು ಸಾವಿರಾರು ಕಡೆಗಳಲ್ಲಿ ನೀರಿನೊಡನೆ ಹೊರಕ್ಕೆ ಬರುತ್ತದೆ. ನೀರು ಬಂದ ಕಡೆ ಒಂದು ಸ್ನಾನಗೃಹ, ಅದರ ಮಗ್ಗುಲಲ್ಲಿ ಒಂದು ವಸತಿಗೃಹ, ತುಸು ಮೇಲೆ ಒಂದು ದೇವಾಲಯ. ಹೀಗೆ ಊರು ಬೆಳೆಯುತ್ತದೆ. ಬುಗ್ಗೆಗೂ ಬುಗ್ಗೆಯ ಸುತ್ತ ಬೆಳೆದ ಊರಿಗೂ ಅವರಲ್ಲಿ 'ಒನ್‌ಸೆನ್' ಎಂಬ ಒಂದೇ ಹೆಸರು. ಇಂಥ ಊರುಗಳೆಲ್ಲ ಆರೋಗ್ಯಕ್ಕೆ ಹೆಸರಾದುವು. ನಾವು ಈ ಹೊತ್ತು ಹೇಳಹೊರಟಿರುವ ಶುಜೆನ್‌ಜಿ ಎಂಬ ಊರು ಒಂದು ಸಾವಿಗೂ ಹೆಸರಾದುದು.

ಟೋಕಿಯೊ ನಗರದ ನೈಋತ್ಯಕ್ಕೆ ಇಜು ಎಂಬ ಪರ್ಯಾಯದ್ವೀಪವು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದು ಮೊದಲು ದಕ್ಷಿಣ ಸಮುದ್ರದ ಅಡಿಯಲ್ಲಿ ಹುಟ್ಟಿದ ಅಗ್ನಿಪರ್ವತಗಳ ಗುಂಪಾಗಿದ್ದಿತೆಂದೂ, ಭೂಪದರದ ಚಲನೆಯಿಂದ ಉತ್ತರಕ್ಕೆ ಸರಿದು ಸರಿದು ಸುಮಾರು 6 ಲಕ್ಷ ವರ್ಷಗಳ ಹಿಂದೆ ಜಪಾನಿನ ಮುಖ್ಯ ದ್ವೀಪಕ್ಕೆ ಅಂಟಿಕೊಂಡಿತೆಂದೂ ಭೂವಿಜ್ಞಾನಿಗಳು ಹೇಳುತ್ತಾರೆ. ಮಿಶಿಮ ಎಂಬ ನಿಲ್ದಾಣದಲ್ಲಿ ಹೆದ್ದಾರಿಯ ರೈಲನ್ನು ಬಿಟ್ಟು, 1924ರಿಂದ ಶುಜೆನ್‌ಜಿಯವರೆಗೆ ಓಡುತ್ತಿರುವ ಸಣ್ಣ ರೈಲಿನಲ್ಲಿ ಕುಳಿತರೆ ಅರ್ಧ ಗಂಟೆಗೆ ಸ್ವಲ್ಪ ಹೆಚ್ಚಿನ ಪ್ರಯಾಣ. ಅಲ್ಲಿಂದ ಬುಗ್ಗೆಗಳಿರುವ ಕಣಿವೆಗೆ ಬಸ್ಸಿನಲ್ಲಿ ಹತ್ತು ನಿಮಿಷಗಳೂ ಹಿಡಿಯುವುದಿಲ್ಲ. 2004ರಿಂದ ಈ ಊರು ಇಜು ಎಂಬ ಪೌರಸಭೆಯ ಆಡಳಿತಕ್ಕೆ ಸೇರಿದೆ.

ಊರಿನ ಹೆಸರನ್ನು ಕೇಳಿದ ಭಾರತೀಯನು ಅದರಲ್ಲಿ ತನ್ನ ಮನೆಯ ಮಾತೊಂದಿದೆಯೆಂದು ಊಹಿಸಲಾರನು. 'ಜಿ' ಎಂದರೆ ದೇವಾಲಯ; 'ಶು' ಎಂದರೆ ಸಾಧನೆ; ನಡುವಣ 'ಜೆನ್' ಎಂಬುದು ನಮ್ಮ 'ಧ್ಯಾನ'ವೇ. ಧ್ಯಾನವು ಚೀನೀಯರ ಬಾಯಲ್ಲಿ 'ಚಾನ್' ಆಗಿ ಜಪಾನೀಯರ ಬಾಯಲ್ಲಿ 'ಜೆನ್' ಆಯಿತು. ಆದುದರಿಂದ ಶುಜೆನ್‌ಜಿ ಎಂದರೆ ಧ್ಯಾನಸಾಧನೆಯ ದೇವಾಲಯವೆಂದರ್ಥ. ದೇವಾಲಯದ ಹೆಸರು ಊರಿಗೂ ಬಂದಿತು. ಬರೆಯುವಾಗ ಮಾತ್ರ ದೇವಾಲಯಕ್ಕೆ ಧ್ಯಾನದ ಅಕ್ಷರವನ್ನೂ ಊರಿಗೆ ಒಳ್ಳೆಯದೆಂಬ ಅರ್ಥದ ಅಕ್ಷರವನ್ನೂ ಬಳಸುತ್ತಾರೆ.

ಊರು ಚಿಕ್ಕದು. ಕಾತ್ಸುರ ಎಂಬ ಹೊಳೆಯು ಬಂಡೆಗಳ ಮೇಲೆ ಹಾರುತ್ತ ನಡುವೆ ಹರಿಯುತ್ತದೆ. ಅದರ ಮೇಲೆ ಕೆಂಪು ಬಣ್ಣದ ಕಿರುಸೇತುವೆಗಳಿವೆ. ಒಂದು ದಡದ ಮೇಲೆ ಬಿದಿರುಮೆಳೆಯ ನಡುವೆ ಕಲ್ಲು ಹಾಸಿದ ಕಾಲುದಾರಿ. ಗಾಳಿ ಬೀಸಿದಾಗ ಅಲ್ಲಿ ಮಳೆ ಬಂದಂತೆ ಸದ್ದಾಗುತ್ತದೆ. ಹೊಳೆಯ ಪಾತ್ರದಲ್ಲಿಯೇ ಬಂಡೆಗಳನ್ನು ಕಟ್ಟಿ, ಮೇಲೆ ಒಂದು ಮಾಡನ್ನು ಹೊದಿಸಿ, 'ತೊಕ್ಕೊ ನೊ ಯು' ಎಂಬ ಬುಗ್ಗೆಯನ್ನು ಕಾಪಾಡಿದ್ದಾರೆ. ಈಗ ಅದರಲ್ಲಿ ಸ್ನಾನ ಮಾಡುವಂತಿಲ್ಲ. ಅದು ಪ್ರವಾಹಕ್ಕೆ ಅಡ್ಡವಾಗುತ್ತಿದ್ದುದರಿಂದ 2009ರಲ್ಲಿ ಅದನ್ನು ಕೆಲವು ಗಜಗಳಷ್ಟು ಕೆಳಕ್ಕೆ ಸರಿಸಿದರು.

ಐತಿಹ್ಯವು ಹೀಗಿದೆ. 807ನೆಯ ವರ್ಷದಲ್ಲಿ ಕೋಬೊ ದಾಯಿಶಿ ಎಂದು ಪೂಜೆಗೊಳ್ಳುವ ಕೂಕಾಯ್ ಎಂಬ ಮಹಾಭಿಕ್ಷುವು ಈ ಕಣಿವೆಗೆ ಬಂದನು. ಒಬ್ಬ ಹುಡುಗನು ರೋಗಿಯಾದ ತನ್ನ ತಂದೆಯ ಮೈಯನ್ನು ಹೊಳೆಯ ತಣ್ಣೀರಿನಲ್ಲಿ ತೊಳೆಯುತ್ತಿದ್ದುದನ್ನು ಕಂಡು ಮರುಗಿ, ಕೈಯಲ್ಲಿದ್ದ ತೊಕ್ಕೊವಿನಿಂದ ಬಂಡೆಯನ್ನು ಹೊಡೆದನು. ಬಿಸಿನೀರು ಚಿಮ್ಮಿತು, ತಂದೆಗೆ ಗುಣವಾಯಿತು. ಈ ತೊಕ್ಕೊ ಎಂಬುದು ಒಂದೇ ಮೊನೆಯುಳ್ಳ ವಜ್ರ, ಇಂದ್ರನ ಆಯುಧವಾಗಿದ್ದು ಬೌದ್ಧತಂತ್ರಗಳಲ್ಲಿ ಪೂಜೋಪಕರಣವಾದ ವಜ್ರವೇ. ಕೂಕಾಯನು 804ರಲ್ಲಿ ಚೀನಾಕ್ಕೆ ಹೋಗಿ, ಆ ದೇಶದ ರಾಜಧಾನಿಯಲ್ಲಿ ಹುಯಿಗುವೊ ಎಂಬ ಗುರುವಿನಿಂದ ಮಂತ್ರಯಾನದ ದೀಕ್ಷೆಯನ್ನೂ, ಪ್ರಜ್ಞ ಎಂಬ ಭಾರತೀಯ ಪಂಡಿತನಿಂದ ಸಂಸ್ಕೃತದ ಪಾಠವನ್ನೂ ಪಡೆದವನು. ಹುಯಿಗುವೊವಿನ ಗುರುವಿನ ಗುರುವಾದ ವಜ್ರಬೋಧಿಯು ದಕ್ಷಿಣ ಭಾರತದಿಂದ ಸಮುದ್ರಮಾರ್ಗವಾಗಿ ಚೀನಾಕ್ಕೆ ಹೋದವನು. ಹೀಗೆ ನಾಲ್ಕು ತಲೆಮಾರುಗಳಲ್ಲಿ ವಜ್ರವು ನಮ್ಮ ಕರಾವಳಿಯಿಂದ ಈ ಹೊಳೆಯವರೆಗೆ ಪ್ರಯಾಣಮಾಡಿತೆನ್ನಬಹುದು.

ಆದರೆ ಐತಿಹ್ಯವನ್ನು ಚರಿತ್ರೆಯೆಂದು ನಾವು ಒಪ್ಪಬೇಕಾಗಿಲ್ಲ. ಚೀನಾದಿಂದ 806ರಲ್ಲಿ ಹಿಂದಿರುಗಿದ ಕೂಕಾಯನು ರಾಜಧಾನಿಗೆ ಹೋಗಲು ಅಪ್ಪಣೆಯಿಲ್ಲದೆ ಕೆಲವು ವರ್ಷಗಳ ಕಾಲ ಬಹು ದೂರದ ಕ್ಯೂಷು ದ್ವೀಪದಲ್ಲಿಯೇ ಉಳಿದಿದ್ದನೆಂದು ವಿದ್ವಾಂಸರ ಅಭಿಪ್ರಾಯ. ಮೇಲಾಗಿ ಈ ಮಹಾತ್ಮನು ಬಂಡೆಯನ್ನು ಹೊಡೆದು ನೀರು ತರಿಸಿದ ಸ್ಥಳಗಳು ಜಪಾನಿನಲ್ಲಿ ಬಹಳವಿವೆ. ಐತಿಹ್ಯದ ಬೆಲೆ ಬೇರೆ. ಈ ನೀರು ಮಗನೊಬ್ಬನ ಸೇವೆಗೆ ಒಲಿದು ಬಂದುದೆಂದು ಊರಿನವರು ಮೊದಲಿನಿಂದ ನಂಬಿದ್ದಾರೆ. ಮುಂದಿನ ಕಥೆಯನ್ನು ಕೇಳುವಾಗ ಇದು ನೆನಪಿನಲ್ಲಿರಬೇಕು.

ದೇವಾಲಯದ ಪೂರ್ವಚರಿತ್ರೆಯನ್ನು ಬೇಗನೆ ಮುಗಿಸಬಹುದು. ಮೊದಲು ಅದು ಕೂಕಾಯನ ಶಿಂಗೊನ್, ಎಂದರೆ 'ಮಂತ್ರ' ಎಂಬ ಪಂಥದ್ದಾಗಿದ್ದಿತು. ಹದಿಮೂರನೆಯ ಶತಮಾನದಲ್ಲಿ ಚೀನಾದಿಂದ ಬಂದ ಆಚಾರ್ಯನೊಬ್ಬನು ಅದನ್ನು ರಿಂಜಾಯ್ ಎಂಬ ಧ್ಯಾನಪಂಥಕ್ಕೆ ತಂದನು. 1489ರಿಂದ ಅದು ಸೋತೊ ಎಂಬ ಇನ್ನೊಂದು ಧ್ಯಾನಪಂಥಕ್ಕೆ ಸೇರಿದೆ. 1863ರ ಬೆಂಕಿಯಲ್ಲಿ ಕಟ್ಟಡಗಳು ಸುಟ್ಟುಹೋದುವು. ಈಗಿರುವ ಮುಖ್ಯಮಂದಿರವನ್ನು 1883ರಲ್ಲಿ ಕಟ್ಟಿದರು.

ನಾವು ತಂಗಿದ ವಸತಿಗೃಹವು ಹೊಳೆಯ ಅಂಚಿನ ಮರದ ಕಟ್ಟಡ. ಬಾಗಿಲಿನಲ್ಲಿ ಪಾದರಕ್ಷೆಗಳನ್ನು ಬಿಟ್ಟು, ಅವರು ಕೊಟ್ಟ ಹತ್ತಿಯ ನಿಲುವಂಗಿಯನ್ನು ತೊಟ್ಟು, ಜೊಂಡಿನ ಚಾಪೆಯ ಮೇಲೆ ಕುಳಿತು ಚಹಾ ಕುಡಿದ ಮೇಲೆ ಸ್ನಾನ. ಸ್ನಾನವೆಂದರೆ ನಾವು ತಿಳಿದಂತೆ ಮೈ ತೊಳೆಯುವುದಲ್ಲ. ಕೊಳದ ಹೊರಗೆ ಚಿಕ್ಕ ಪೀಠದ ಮೇಲೆ ಕುಳಿತು, ಸೋಪು ಹಚ್ಚಿ, ಮೈಯನ್ನು ಪೂರ್ತಿಯಾಗಿ ತೊಳೆದುಕೊಂಡು, ಆಮೇಲೆ ಕೊಳಕ್ಕೆ ಇಳಿಯಬೇಕು. ಕೊಳದ ನೀರು ಎಲ್ಲರದು, ಅದನ್ನು ಕೆಡಿಸತಕ್ಕದ್ದಲ್ಲ. ನದಿಗೆ ಇಳಿದು ಮಡಿಯಾಗುವ ನಮಗೆ ಮಡಿಯಾಗಿ ನೀರಿಗೆ ಇಳಿಯುವ ಈ ಕ್ರಮವು ಮೊದಲು ವಿಚಿತ್ರವಾಗಿ ಕಂಡು, ಎರಡನೆಯ ದಿನ ನ್ಯಾಯವಾಗಿ ಕಂಡಿತು. ಇಲ್ಲಿಯ ನೀರಿಗೆ ಗಂಧಕದ ನಾತವಿಲ್ಲ, ಬಣ್ಣವಿಲ್ಲ. ತುಸು ಕ್ಷಾರಗುಣವಿರುವುದರಿಂದ ಚರ್ಮಕ್ಕೆ ನಯವಾಗಿ ಹತ್ತುತ್ತದೆ.

ಈ ಊರಿನ ವಸತಿಗೃಹಗಳಿಗೆ ಜಪಾನೀ ಸಾಹಿತ್ಯಚರಿತ್ರೆಯಲ್ಲಿಯೂ ಸ್ಥಾನವುಂಟು. 1872ರಲ್ಲಿ ಆರಂಭವಾದ ಅರಾಯಿ ಎಂಬುದರಲ್ಲಿ ಚಿತ್ರಕಾರ ಯಸುದ ಯುಕಿಹಿಕೊ ರೂಪಿಸಿದ ಮರದ ಸ್ನಾನಮಂದಿರವಿದೆ. ಕಥೆಗಾರ ಅಕುತಗಾವ ರಿಯೂನೊಸುಕೆ 1925ರಲ್ಲಿ ಅಲ್ಲಿ ತಂಗಿದ್ದನು. ಇನ್ನೂ ದೊಡ್ಡವನಾದ ನತ್ಸುಮೆ ಸೋಸೆಕಿಯು ಹೊಟ್ಟೆಯ ಹುಣ್ಣಿನಿಂದ ನರಳುತ್ತ 1910ರ ಆಗಸ್ಟಿನಲ್ಲಿ ಕಿಕುಯ ಎಂಬ ವಸತಿಗೃಹಕ್ಕೆ ಬಂದನು. ಆ ತಿಂಗಳ 24ರ ರಾತ್ರಿ ವಿಪರೀತವಾಗಿ ರಕ್ತವನ್ನು ಕಾರಿ ಸುಮಾರು ಅರ್ಧ ಗಂಟೆಯ ಕಾಲ ಪ್ರಜ್ಞೆಯಿಲ್ಲದೆ ಬಿದ್ದಿದ್ದನು. ಬದುಕಿಕೊಂಡನೆಂಬುದು ಆಶ್ಚರ್ಯ. ಆ ಅರ್ಧ ಗಂಟೆಯಲ್ಲಿ ತಾನು ಸತ್ತಿದ್ದೆನೆಂಬುದೇ ತನಗೆ ತಿಳಿಯಲಿಲ್ಲವೆಂಬ ವಿಸ್ಮಯವನ್ನು ಅವನು ಅನಂತರ ತನ್ನ ನೆನಪುಗಳಲ್ಲಿ ವಿಚಾರಮಾಡಿದ್ದಾನೆ.

ಸತ್ತನೆಂದು ಎಣಿಸಲ್ಪಟ್ಟು ಬದುಕಿದವನು ಈ ಊರಿನಲ್ಲಿ ಸೋಸೆಕಿಯೇ ಮೊದಲನೆಯವನಲ್ಲ. ಅವನಿಗಿಂತ ಏಳು ಶತಮಾನಗಳ ಹಿಂದೆ ಇನ್ನೊಬ್ಬನಿದ್ದನು. ನಾವು ಶುಜೆನ್‌ಜಿಗೆ ಹೋದುದು ಅವನಿಗಾಗಿ.

ಮಿನಾಮೊತೊ ಯೊರಿತೊಮೊ ಎಂಬ ವೀರನು ತನ್ನ ಶತ್ರುಗಳನ್ನೆಲ್ಲ ಅಡಗಿಸಿ, ಕ್ಯೋಟೊ ನಗರದಲ್ಲಿ ಚಕ್ರವರ್ತಿಯನ್ನು ಹೆಸರಿಗೆ ಉಳಿಸಿ, ದೂರದ ಕಾಮಾಕುರದಲ್ಲಿ ಯೋಧರ ಸರ್ಕಾರವನ್ನು ಸ್ಥಾಪಿಸಿದ ಸಂಗತಿ ಜಪಾನಿನ ಚರಿತ್ರೆಯ ದೊಡ್ಡ ತಿರುವು. ಷೋಗನ್, ಎಂದರೆ ಮಹಾಸೇನಾಪತಿ, ಎಂಬ ಬಿರುದು ಅವನಿಂದ ರಾಜ್ಯಾಧಿಕಾರದ ಹೆಸರಾಯಿತು. ಅವನ ಹೆಂಡತಿ ಮಸಾಕೊ ಇಜು ಪ್ರಾಂತದ ಹೋಜೊ ಮನೆತನದವಳು. ಆಕೆಯ ತಂದೆ ತೊಕಿಮಾಸ. 1193ರಲ್ಲಿ ತನ್ನ ತಮ್ಮನಾದ ನೊರಿಯೊರಿಯ ಮೇಲೆ ಸಂಶಯಪಟ್ಟು ಅವನನ್ನು ಇದೇ ಶುಜೆನ್‌ಜಿಗೆ ಸೆರೆಗೆ ಕಳುಹಿಸಿದವನು ಯೊರಿತೊಮೊ. ನೊರಿಯೊರಿಯು ಅಲ್ಲಿಯೇ ಸತ್ತನೆಂದು ಹೇಳುತ್ತಾರೆ, ಅವನ ಸಮಾಧಿಯೂ ಇಲ್ಲಿದೆ. ಬಿಸಿನೀರಿನ ಊರಿಗೆ ಬೇಡವಾದವರನ್ನು ಕಳುಹಿಸುವ ಪದ್ಧತಿಯನ್ನು ಹಾಕಿಕೊಟ್ಟವನು ತಂದೆ. ಹತ್ತು ವರ್ಷಗಳ ಮೇಲೆ ಅದೇ ಹಾದಿಯನ್ನು ಹಿಡಿದವನು ಮಗ.

ಯೊರಿತೊಮೊ 1199ರಲ್ಲಿ ತೀರಿಕೊಂಡಾಗ ಹಿರಿಯ ಮಗ ಯೊರಿಯಿಯೆಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಹದಿಮೂರು ಜನ ಹಿರಿಯರು ಒಂದು ಮಂಡಲಿಯಾಗಿ ವ್ಯಾಜ್ಯಗಳ ವಿಚಾರಣೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಯುವಕನು ತನ್ನ ಹೆಂಡತಿಯ ತಂದೆಯಾದ ಹಿಕಿ ಯೊಶಿಕಾಜುವನ್ನು ನೆಚ್ಚಿದನು. ಇದು ತಾಯಿಯ ತವರಿಗೆ ಸಹಿಸಲಿಲ್ಲ. 1202ರಲ್ಲಿ ಯೊರಿಯಿಯೆ ಷೋಗನ್ ಆದನು. ಮರುವರ್ಷ ಬೇಸಗೆಯಲ್ಲಿ ಕಾಯಿಲೆ ಬಿದ್ದನು. ಅವನು ಹಾಸಿಗೆಯಲ್ಲಿರುವಾಗ ರಾಜ್ಯದ ಅಧಿಕಾರವನ್ನು ಅವನ ಎಳೆಯ ಮಗನಿಗೂ ಅವನ ತಮ್ಮ ಸಾನೆತೊಮೊವಿಗೂ ಹಂಚುವ ಏರ್ಪಾಡಾಯಿತು. ಒಂಬತ್ತನೆಯ ಚಾಂದ್ರಮಾಸದ 2ನೆಯ ದಿನ ತೊಕಿಮಾಸನು ಹಿಕಿ ಯೊಶಿಕಾಜುವನ್ನು ತನ್ನ ಮನೆಗೆ ಕರೆಸಿ ಕೊಲ್ಲಿಸಿದನು. ಹಿಕಿ ವಂಶವೇ ಅಳಿಯಿತು. ಯೊರಿಯಿಯೆಯ ಮಗನೂ ಉಳಿಯಲಿಲ್ಲ.

ಈ ಕೃತ್ಯಕ್ಕೆ ಕಾರಣವೇನು? ನಮಗೆ ದೊರೆಯುವ ವಿವರಗಳಲ್ಲಿ ಹೆಚ್ಚಿನವು 'ಅಜುಮ ಕಾಗಾಮಿ', ಎಂದರೆ 'ಪೂರ್ವದೇಶದ ಕನ್ನಡಿ', ಎಂಬ ಬಖೈರಿನಲ್ಲಿವೆ. ಅದರ ಪ್ರಕಾರ ಯೊರಿಯಿಯೆಯೂ ಅವನ ಮಾವನೂ ಹೋಜೊಗಳನ್ನು ಮುಗಿಸಲು ಹೂಡಿದ ಸಂಚನ್ನು ಮಸಾಕೊ ತೆರೆಯ ಹಿಂದೆ ನಿಂತು ಕೇಳಿ ತಂದೆಗೆ ತಿಳಿಸಿದಳು. ಅದೇ ಗ್ರಂಥವು ಯೊರಿಯಿಯೆಯನ್ನು ಕಾಲ್ಚೆಂಡಾಟದ ಹುಚ್ಚನನ್ನಾಗಿಯೂ, ಗಡಿಯ ವ್ಯಾಜ್ಯವೊಂದು ಬಂದಾಗ ನಕ್ಷೆಯ ನಡುವೆ ಮಸಿಯಿಂದ ಒಂದು ಗೆರೆಯನ್ನೆಳೆದು ತೀರ್ಪು ಮುಗಿಯಿತೆಂದ ಉಡಾಫೆಯವನನ್ನಾಗಿಯೂ ಚಿತ್ರಿಸುತ್ತದೆ. ಆದರೆ ಈ ಬಖೈರು ಹುಟ್ಟಿದುದು ಸುಮಾರು ನೂರು ವರ್ಷಗಳ ತರುವಾಯ, ಹೋಜೊ ಮನೆತನದ ಆಡಳಿತದಲ್ಲಿ. ಕನ್ನಡಿಯನ್ನು ಹಿಡಿದವರು ಯಾರೆಂಬುದನ್ನು ಓದುಗನು ಮರೆಯಬಾರದು.

ಮರೆಯದೆ ಇರುವುದಕ್ಕೆ ಒಂದು ಚಿಕ್ಕ ಸಾಕ್ಷ್ಯವಿದೆ. ಕ್ಯೋಟೊ ನಗರದಲ್ಲಿ ಫುಜಿವಾರ ತೇಯಿಕ ಎಂಬ ಕವಿಯೊಬ್ಬನು ದಿನಚರಿಯನ್ನು ಬರೆಯುತ್ತಿದ್ದನು. ಅವನಿಗೆ ಹೋಜೊಗಳ ಹಂಗಿಲ್ಲ. ಅಂದಂದು ಕೇಳಿದುದನ್ನು ಅಂದಂದು ಬರೆದಿಟ್ಟವನು. 1203ರ ಒಂಬತ್ತನೆಯ ತಿಂಗಳ 7ನೆಯ ದಿನ ಕಾಮಾಕುರದಿಂದ ಬಂದ ದೂತನು ಆಸ್ಥಾನಕ್ಕೆ ತಂದ ಸಮಾಚಾರವನ್ನು ಅವನು ಬರೆದಿದ್ದಾನೆ: ಈ ತಿಂಗಳ 1ನೆಯ ದಿನ ಷೋಗನ್ ಯೊರಿಯಿಯೆ ಕಾಲವಾದನು, ಅವನ ತಮ್ಮನನ್ನು ಷೋಗನ್ ಆಗಿ ನೇಮಿಸಬೇಕು.

ಯೊರಿಯಿಯೆ ಸತ್ತಿರಲಿಲ್ಲ. ಕಾಮಾಕುರದಿಂದ ಕ್ಯೋಟೊಗೆ ಕುದುರೆಯ ಮೇಲೆ ಓಡುವ ದೂತನಿಗೂ ಹಲವು ದಿನಗಳ ದಾರಿ. ಆದುದರಿಂದ ಹಿಕಿಗಳ ಕೊಲೆ ನಡೆದ ಹೊತ್ತಿಗೆ, ಅಥವಾ ಅದಕ್ಕೂ ಮೊದಲೇ, ದೂತನು ಹೊರಟಿದ್ದನು. ರೋಗಿಯು ಹೇಗೂ ಸಾಯುವನೆಂದು ನಂಬಿ ಸುದ್ದಿಯನ್ನು ಮುಂದಾಗಿ ಕಳುಹಿಸಿದರು. ರೋಗಿಯು ಗುಣಹೊಂದಿ ಎದ್ದು ಕುಳಿತನು. ಸಂಚುಮಾಡಿದವರು ಯಾರೆಂಬುದಕ್ಕೆ ನಾವು ಇದಕ್ಕಿಂತ ಹೆಚ್ಚಿನ ಸಾಕ್ಷಿಯನ್ನು ಕೇಳುವುದಿಲ್ಲ. ಆಸ್ಥಾನವು ಕೇಳಿದುದನ್ನು ಕೊಟ್ಟಿತು. ಹನ್ನೆರಡನೆಯ ವಯಸ್ಸಿನಲ್ಲಿದ್ದ ಸಾನೆತೊಮೊ ಷೋಗನ್ ಆದನು. ಕಾಗದದಲ್ಲಿ ಸತ್ತ ಯೊರಿಯಿಯೆಯ ತಲೆ ಬೋಳಿಸಿ, ಭಿಕ್ಷುವೆನಿಸಿ, ಆ ತಿಂಗಳ 29ನೆಯ ದಿನ ಶುಜೆನ್‌ಜಿಗೆ ಕಳುಹಿಸಿದರು.

ಇಲ್ಲಿ ಅವನು ಹತ್ತು ತಿಂಗಳು ಬದುಕಿದ್ದನು. ಆ ಹತ್ತು ತಿಂಗಳುಗಳಲ್ಲಿ ನಮ್ಮ ಕಿವಿಗೆ ಬೀಳುವ ಅವನ ಧ್ವನಿ ಒಂದೇ ಒಂದು. ಹನ್ನೊಂದನೆಯ ತಿಂಗಳಿನಲ್ಲಿ ಅವನು ತಾಯಿಗೂ ತಮ್ಮನಿಗೂ ಕಾಗದ ಬರೆದು, ಈ ಆಳವಾದ ಬೆಟ್ಟಗಳ ನಡುವೆ ಬೇಸರವನ್ನು ತಾಳಲಾರೆನೆಂದೂ, ಹಿಂದೆ ತನ್ನ ಬಳಿಯಿದ್ದ ಸೇವಕರಲ್ಲಿ ಕೆಲವರನ್ನು ಕಳುಹಿಸಿಕೊಡಬೇಕೆಂದೂ ಬೇಡಿದನು. ಸಾಧ್ಯವಿಲ್ಲವೆಂದೂ, ಇನ್ನು ಮುಂದೆ ಕಾಗದಗಳನ್ನು ಬರೆಯಕೂಡದೆಂದೂ ಹೇಳಲು ಒಬ್ಬ ಸರದಾರನನ್ನು ಕಳುಹಿಸಿದರು. ಆ ಸರದಾರನು ಹಿಂದಿರುಗಿ ಮಗನ ಸ್ಥಿತಿಯನ್ನು ವರದಿಮಾಡಿದಾಗ ಮಸಾಕೊ ಬಹಳವಾಗಿ ದುಃಖಿಸಿದಳು. ಇದಿಷ್ಟೂ ಇರುವುದು ಅದೇ ಹೋಜೊಗಳ ಬಖೈರಿನಲ್ಲಿ. ಗೆದ್ದವರ ಲೆಕ್ಕಣಿಕೆಯಿಂದಲೂ ಕೆಲವೊಮ್ಮೆ ಹೀಗೆ ಒಂದು ಹನಿ ಜಾರಿಬಿಡುತ್ತದೆ.

1204ರ ಏಳನೆಯ ತಿಂಗಳ 18ನೆಯ ದಿನ ಯೊರಿಯಿಯೆ ಸತ್ತನು. ಅವನಿಗೆ ಇಪ್ಪತ್ತೆರಡು ಇನ್ನೂ ತುಂಬಿರಲಿಲ್ಲ. 'ಅಜುಮ ಕಾಗಾಮಿ'ಯು ಮರುದಿನ ಇಜುವಿನಿಂದ ದೂತನು ಬಂದು ಮರಣವಾರ್ತೆಯನ್ನು ತಂದನೆಂದು ಒಂದೇ ವಾಕ್ಯದಲ್ಲಿ ಹೇಳಿ ಸುಮ್ಮನಾಗುತ್ತದೆ. ಹೇಗೆ ಸತ್ತನೆಂಬ ಮಾತೇ ಇಲ್ಲ. ಅದನ್ನು ಹೇಳುವವನು ಕ್ಯೋಟೊವಿನ ಜಿಯೆನ್ ಎಂಬ ಮಹಾಭಿಕ್ಷು. ಹದಿನೈದು ಹದಿನಾರು ವರ್ಷಗಳ ತರುವಾಯ ಬರೆದ 'ಗುಕಾನ್‌ಶೊ' ಎಂಬ ಚರಿತ್ರಗ್ರಂಥದಲ್ಲಿ, ಯೊರಿಯಿಯೆ ಸುಲಭವಾಗಿ ಕೈಗೆ ಸಿಕ್ಕದೆ ಹೋರಾಡಿದನೆಂದೂ, ಕೊನೆಗೆ ಕೊರಳಿಗೆ ಹಗ್ಗವನ್ನು ಬಿಗಿದು ಕೊಂದರೆಂದೂ ಅವನು ಬರೆದಿದ್ದಾನೆ. ಇನ್ನೂ ಒಂದು ವಿವರವುಂಟು. ಅದು ಸಭೆಯಲ್ಲಿ ಹೇಳತಕ್ಕದ್ದಲ್ಲ. ಸ್ನಾನ ಮಾಡುತ್ತಿದ್ದಾಗ, ಆಯುಧವಿಲ್ಲದೆ ಬರಿಮೈಯಲ್ಲಿದ್ದಾಗ, ಹಿಡಿದರೆಂಬುದು ಊರಿನ ಐತಿಹ್ಯ. ಇಷ್ಟು ಬಲಶಾಲಿಯಾದವನನ್ನು ಬೇರೆ ಯಾವಾಗ ಹಿಡಿಯಬಹುದಾಗಿತ್ತೆಂದು ಊರಿನವರು ಕೇಳುತ್ತಾರೆ. ತಂದೆಯ ಮೈಯನ್ನು ತೊಳೆದ ಮಗನಿಗೆ ಒಲಿದ ನೀರಿನಲ್ಲಿಯೇ ತಾಯಿಯ ಕಡೆಯವರು ಮಗನನ್ನು ಕೊಂದರೆಂದಾಯಿತು.

ಹೊಳೆಯ ಆಚೆಯ ದಿಬ್ಬದ ಮೇಲೆ 'ಶಿಗೆತ್ಸುದೆನ್' ಎಂಬ ಮಂದಿರವಿದೆ. ಇಜುವಿನಲ್ಲಿ ಇದಕ್ಕಿಂತ ಹಳೆಯ ಮರದ ಕಟ್ಟಡವಿಲ್ಲವೆಂದು ಹೇಳುತ್ತಾರೆ. ಮಗನ ಆತ್ಮಶಾಂತಿಗಾಗಿ ಇದನ್ನು ಕಟ್ಟಿಸಿದವಳು ಮಸಾಕೊ. ಒಳಗಿರುವ ಶಾಕ್ಯಮುನಿಯ ವಿಗ್ರಹವು ಕೈಯಲ್ಲಿ ಕಮಲವನ್ನು ಹಿಡಿದಿದೆ. ಶಾಕ್ಯಮುನಿಯ ವಿಗ್ರಹಗಳಲ್ಲಿ ಇದು ಅಪರೂಪ. ಆಕೆ ಇಲ್ಲಿಗೆ ಚೀನಾದಲ್ಲಿ ಅಚ್ಚಾದ ಸಾವಿರಾರು ಸೂತ್ರಗ್ರಂಥಗಳನ್ನು ಒಪ್ಪಿಸಿದ್ದಳಂತೆ. ಅವೆಲ್ಲ ಚದರಿಹೋಗಿ, ಪ್ರಜ್ಞಾಪಾರಮಿತೆಯ ಒಂದು ಸಂಪುಟ ಮಾತ್ರ ದೇವಾಲಯದಲ್ಲಿ ಉಳಿದಿದೆ. ಯೊರಿಯಿಯೆಯ ಬೋಧಿಗಾಗಿ ಸಂನ್ಯಾಸಿನಿಯು ಇದನ್ನು ಇಟ್ಟಳೆಂಬ ಮಸಿಯ ಬರಹವು ಅದರ ಮೇಲಿದೆ. ತೆರೆಯ ಹಿಂದೆ ನಿಂತು ಕೇಳಿದವಳೂ ಈಕೆಯೇ, ಮಂದಿರವನ್ನು ಕಟ್ಟಿಸಿದವಳೂ ಈಕೆಯೇ. ತವರನ್ನು ಉಳಿಸಿದ ಮಗಳೋ, ಮಗನನ್ನು ಕಳೆದುಕೊಂಡ ತಾಯಿಯೋ ಎಂದು ಕೇಳಿದರೆ ಎರಡೂ ನಿಜವೆಂದೇ ನಮಗೆ ತೋರುತ್ತದೆ. ಆಕೆಯ ಪಶ್ಚಾತ್ತಾಪವನ್ನು ನಟನೆಯೆಂದು ತಳ್ಳಿಬಿಡುವ ವಿಮರ್ಶಕರ ಮಾತನ್ನು ಒಪ್ಪಲು ಆ ಮಂದಿರದ ಮುಂದೆ ನಿಂತಾಗ ನಮಗೆ ಮನಸ್ಸು ಬರಲಿಲ್ಲ.

ಮಂದಿರದ ಬಳಿಯಲ್ಲಿ ಹದಿಮೂರು ಸೇವಕರ ಸಮಾಧಿಗಳಿವೆ. ಒಡೆಯನ ಕೊಲೆಯಾದ ಆರು ದಿನಗಳ ಮೇಲೆ ಅವರು ದಂಗೆಯೇಳಲು ಹವಣಿಸಿ ಹತರಾದರು.

ದೇವಾಲಯದ ಮುಖ್ಯ ವಿಗ್ರಹವು ವೈರೋಚನ ಬುದ್ಧನದು. ಕೂಕಾಯನ ಕಾಲದಿಂದ ಬಂದುದೆಂದು ಭಕ್ತರು ನಂಬಿದ್ದರು. 1984ರಲ್ಲಿ ದುರಸ್ತಿಗಾಗಿ ಅದನ್ನು ಬಿಚ್ಚಿದಾಗ ಟೊಳ್ಳಾದ ಒಡಲಿನಲ್ಲಿ ಬರಹವೊಂದು ದೊರೆಯಿತು: ಜಿಕ್ಕೆಯಿ ಎಂಬ ಶಿಲ್ಪಿಯು 1210ರ ಎಂಟನೆಯ ತಿಂಗಳಿನಲ್ಲಿ ಇದನ್ನು ಕಡೆದನು. ಬರಹದೊಡನೆ ಕೂದಲಿನ ಎಳೆಗಳಿದ್ದುವು. ಇನ್ನು ಬಖೈರನ್ನು ತೆರೆದು ನೋಡಿದರೆ, ಅದೇ ವರ್ಷದ ಏಳನೆಯ ತಿಂಗಳಿನಲ್ಲಿ ಯೊರಿಯಿಯೆಯ ವಿಧವೆಯೊಬ್ಬಳು ಕೇಶವನ್ನು ತೆಗೆಸಿ ಸಂನ್ಯಾಸಿನಿಯಾದಳೆಂದಿದೆ. ಆ ಕೂದಲು ಆಕೆಯದೆಂದು ಹಲವರು ಊಹಿಸುತ್ತಾರೆ. ನಮಗೂ ಆ ಊಹೆ ಸರಿಯಾಗಿ ಕಾಣುತ್ತದೆ. ಏಳುನೂರ ಎಪ್ಪತ್ತುನಾಲ್ಕು ವರ್ಷಗಳ ಕಾಲ ಜನರು ಆ ವಿಗ್ರಹಕ್ಕೆ ಕೈಮುಗಿದರು. ಒಳಗೆ ಏನಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಆಕೆಯ ಮಗ ಕುಗ್ಯೋ ಎಂಬುವನು 1219ರಲ್ಲಿ ಕಾಮಾಕುರದ ಹಾಚಿಮಾನ್ ದೇವಾಲಯದ ಮುಂದೆ ತನ್ನ ಚಿಕ್ಕಪ್ಪ ಸಾನೆತೊಮೊವನ್ನು ಕೊಂದು ತಾನೂ ಹತನಾದನು. ಯೊರಿತೊಮೊವಿನ ಷೋಗನ್ ಪರಂಪರೆ ಅಲ್ಲಿಗೆ ಮುಗಿಯಿತು. ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ಮಸಾಕೊ ಇನ್ನೂ ಆರು ವರ್ಷ ಬದುಕಿದ್ದಳು.

ದೇವಾಲಯದ ಸಂಗ್ರಹದಲ್ಲಿ ಒಡೆದುಹೋದ ಹಳೆಯ ಮರದ ಮುಖವಾಡವೊಂದಿದೆ. ಸ್ನಾನದ ನೀರಿಗೆ ಅರಗಿನ ಮರದ ವಿಷವನ್ನು ಬೆರೆಸಿದ್ದರಿಂದ ಊದಿಕೊಂಡ ಯೊರಿಯಿಯೆಯ ಮುಖವನ್ನು ತಾಯಿಗೆ ತೋರಿಸಲು ಕೆತ್ತಿಸಿದರೆಂದು ಕಥೆ. ನಾಟಕಕಾರ ಒಕಾಮೊತೊ ಕಿದೊ ಇದನ್ನು ಕಂಡು 'ಶುಜೆನ್‌ಜಿ ಮೊನೊಗಾತಾರಿ' ಎಂಬ ನಾಟಕವನ್ನು ಬರೆದನು. 1911ರಲ್ಲಿ ಅದು ಟೋಕಿಯೊವಿನಲ್ಲಿ ರಂಗವೇರಿತು. ಅದರಲ್ಲಿ ಮುಖವಾಡದ ಶಿಲ್ಪಿಯು ಎಷ್ಟು ಸಲ ಕೆತ್ತಿದರೂ ಷೋಗನ್ನನ ಮುಖದಲ್ಲಿ ಮರಣದ ಕಳೆಯೇ ಮೂಡುತ್ತದೆ. ತನ್ನ ಕೈ ಸೋತಿತೆಂದು ಅವನು ಮರುಗುತ್ತಾನೆ. ಕೊಲೆಯಾದ ಮೇಲೆ, ಕೈ ಸೋತಿರಲಿಲ್ಲ, ಮುಂದಾಗುವುದನ್ನು ಕಂಡಿತ್ತು ಎಂದು ತಿಳಿದು ಹಿಗ್ಗುತ್ತಾನೆ. ಚರಿತ್ರೆಯಾಗಿ ಇದಕ್ಕೆ ಬೆಲೆಯಿಲ್ಲ. ಆದರೂ ಇಂದಿನ ಜಪಾನೀಯರಲ್ಲಿ ಹಲವರು ಯೊರಿಯಿಯೆಯನ್ನು ತಿಳಿದಿರುವುದು ಬಖೈರಿನಿಂದಲ್ಲ, ಈ ನಾಟಕದಿಂದ.

1958ರ ಸೆಪ್ಟೆಂಬರಿನಲ್ಲಿ ಭಾರಿ ಚಂಡಮಾರುತವೊಂದು ಇಜುವನ್ನು ಹೊಡೆದಾಗ ಕಾನೊ ನದಿಯು ಉಕ್ಕಿ ಈ ಸೀಮೆಯಲ್ಲಿ ನೂರಾರು ಜನ ಸತ್ತರು. ಆ ರಾತ್ರಿಯ ನೆನಪು ಊರಿನ ಹಿರಿಯರಲ್ಲಿ ಇನ್ನೂ ಇದೆ. ಹಾಗಿದ್ದರೂ ದಾರಿ ಕೇಳಿದ ಹೊರಗಿನವರಿಗೆ ಅವರು ಮೊದಲು ತೋರಿಸುವುದು ಯೊರಿಯಿಯೆಯ ಸಮಾಧಿಯನ್ನು.

ನಾವು ಹೊರಡುವ ದಿನ ಬೆಳಗ್ಗೆ ಅಲ್ಲಿಗೆ ಮತ್ತೊಮ್ಮೆ ಹೋದೆವು. ಎದುರಿಗೆ ಎತ್ತರವಾದ ಕಲ್ಲು. ಅದರಲ್ಲಿ ಯೊರಿಯಿಯೆಯ ಹೆಸರನ್ನು ಷೋಗನ್ ಎಂಬ ಬಿರುದಿನೊಡನೆ ದೊಡ್ಡ ಅಕ್ಷರಗಳಲ್ಲಿ ಕೊರೆದಿದ್ದಾರೆ. ಅದನ್ನು 1703ರಲ್ಲಿ, ಮರಣದ ಐನೂರನೆಯ ವರ್ಷದ ನೆನಪಿಗೆ, ದೇವಾಲಯದ ಅಧಿಪತಿಯು ನಿಲ್ಲಿಸಿದನು. ಅದನ್ನು ನೋಡಿ, ನಮಸ್ಕರಿಸಿ, ನಾವು ಇಳಿಯುತ್ತಿದ್ದೆವು. ಮೆಟ್ಟಿಲ ಮೇಲೆ ಉದುರಿದ ಎಲೆಗಳನ್ನು ಗುಡಿಸುತ್ತಿದ್ದ ವೃದ್ಧೆಯೊಬ್ಬಳು ಪೊರಕೆಯನ್ನು ಕಂಕುಳಲ್ಲಿರಿಸಿಕೊಂಡು, ಹಿಂದಕ್ಕೆ ಹೋಗಿ ನೋಡಿರೆಂದು ಕೈಯಿಂದ ಸನ್ನೆಮಾಡಿದಳು. ಆ ದೊಡ್ಡ ಕಲ್ಲಿನ ಬೆನ್ನಿಗೆ, ಪಾಚಿ ಹಿಡಿದು, ನಮ್ಮ ಮೊಣಕಾಲಿನ ಮಟ್ಟಕ್ಕೆ ಎರಡು ಚಿಕ್ಕ ಕಲ್ಲುಗಳಿದ್ದುವು. ಸಮಾಧಿಯು ಅದೇ ಎಂದಳು.